ಚಪ್ಪಲಿಗೆ ಕಟ್ಟಿದ ಅರ್ಥ

ಬೂನ್ ಲೇ, ಸಿಂಗಪುರ
೧೮ ಸೆಪ್ಟೆಂಬರ್ ೨೦೧೬

ಪ್ರೀತಿಯ ಶಕುಂತಲಾ,

ಮೂರು ದಿನದಿಂದ ಒಂದೇ ಕನಸು. ಪಾಯಾ ಲೆಬಾರ್‌ನ ನಿನ್ನ ಹೊಸ ಮನೆಯ ಬಾಗಿಲು ತಟ್ಟುತ್ತಿದ್ದೇನೆ. ಒಳಗೆ ಕುಕ್ಕರ್ ಕೂಗುತ್ತಿದೆ, ನೀನು ಮಾತ್ರ ತೆಗೆಯುತ್ತಿಲ್ಲ. ಎದ್ದವಳೇ ನಿನಗೆ ಜ್ವರವೋ, ಎಲ್ಲಾದರೂ ಬಿದ್ದೆಯೋ ಎಂದು ಹತ್ತು ಥರ ಯೋಚಿಸಿದೆ. ನೀನು ಮನೆ ಬದಲಿಸಿ ಎಂಟು ತಿಂಗಳಾದರೂ ಒಂದು ಸಾಲು ಬರೆಯದೆ ಇದ್ದದ್ದು ನನ್ನ ತಪ್ಪು. ವಾಟ್ಸಾಪಿನಲ್ಲಿ ಹಾಕೋಣವೆಂದರೆ ಯಾವುದು ಯಾವ ಗ್ರೂಪಿಗೆ ಹೋಗುತ್ತದೋ ಎಂಬ ಹೆದರಿಕೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಕಾಗದ, ಒತ್ತಕ್ಷರ ನೀನೇ ತಿದ್ದಿಕೊ.

ಇವರು ಎಂದಿನಂತೆ ಬೆಳಗ್ಗೆ ಆರಕ್ಕೆ ಜುರಾಂಗ್ ಐಲ್ಯಾಂಡ್ ಬಸ್ಸು ಹಿಡಿಯುತ್ತಾರೆ. ಬದರಿನಾಥ್ ಅವರೂ ಅದೇ ಬಸ್ಸು. ನಿಮ್ಮಿಬ್ಬರ ಮದುವೆಯ ಮಾತು ಏಕೆ ಮುರಿಯಿತೆಂದು ಅವರು ಇವತ್ತಿಗೂ ಬಾಯಿ ಬಿಟ್ಟಿಲ್ಲ, ಬೇರೆ ಹೆಣ್ಣನ್ನೂ ನೋಡಿಲ್ಲವಂತೆ. "ಅಕ್ಕನ ಮಾತು ಮೀರಕ್ಕಾಗಲ್ಲ ಅಂತಾನೆ. ಮುಖ ನೋಡಿದ್ರೆ ಪಾಪ ಅನ್ಸತ್ತೆ" ಎಂದು ಇವರು ಹೇಳುತ್ತಿದ್ದರು.

ನಮ್ಮ ಅನಘಾ ಕಾಲೇಜಿನಲ್ಲಿ ಚಿತ್ರಕಲೆಯ ಚರಿತ್ರೆ ಓದುತ್ತಿದ್ದಾಳಲ್ಲ, ಹೋದ ಭಾನುವಾರ ನನ್ನನ್ನೂ ಒಂದು ಪ್ರದರ್ಶನಕ್ಕೆ ಎಳೆದುಕೊಂಡು ಹೋದಳು. ಮುನ್ನೂರೈವತ್ತು ವರ್ಷದ ಹಿಂದಿನ ಡಚ್ಚರ ಮನೆಗಳ ಚಿತ್ರ. ದೇವರಿಲ್ಲ, ರಾಜರಿಲ್ಲ. ಇಸ್ಪೀಟು ಆಡುವವರು, ಕುಡಿದು ನಗುವವರು, ಕೆಲಸ ಬಿಟ್ಟು ತೂಕಡಿಸುವ ಹೆಂಗಸು.

"ನೋಡಕ್ಕೆ ಮಜಾ ಅಮ್ಮ, ಒಳಗೆಲ್ಲ ಬುದ್ಧಿವಾದ ಲಾ" ಎಂದಳು, ಇಲ್ಲಿಯ ಹುಡುಗರ ಹಾಗೆ ಕೊನೆಗೊಂದು 'ಲಾ' ಎಳೆದು.

ಒಂದರಲ್ಲಿ ಹೆಂಗಸೊಬ್ಬಳು ವೀಣೆಯಂಥದ್ದೇನೋ ನುಡಿಸುತ್ತಿದ್ದಾಳೆ, ಪಕ್ಕದಲ್ಲಿ ಗಂಡಸು ಗ್ಲಾಸು ಹಿಡಿದು ಕೂತಿದ್ದಾನೆ. ಪೊರಕೆ ಮೂಲೆಗೆ ಒರಗಿದೆ, ಬಾಗಿಲ ಹತ್ತಿರ ಅವಳ ಚಪ್ಪಲಿ. ನನಗೆ ಬಹಳ ಹಿಡಿಸಿತು. "ಎಷ್ಟು ಮರ್ಯಾದಸ್ಥೆ ನೋಡು, ಚಪ್ಪಲಿ ಬಿಟ್ಟು ಒಳಗೆ ಬಂದಿದಾಳೆ" ಎಂದೆ. ಅನಘಾ ಬಿದ್ದು ಬಿದ್ದು ನಕ್ಕಳು.

"ಉಲ್ಟಾ ಅಮ್ಮ. ಚಪ್ಪಲಿ ಬಿಟ್ಟಿದಾಳೆ ಅಂದ್ರೆ ನಡತೆ ಬಿಟ್ಟವಳು ಅಂತ. ಆಗಿನ ಜನಕ್ಕೆ ನೋಡಿದ ತಕ್ಷಣ ಗೊತ್ತಾಗ್ತಿತ್ತಂತೆ, ನಮ್ ಲೆಕ್ಚರರ್ ಹೇಳಿದ್ರು."

"ಆ ಗಂಡಸು ಬೂಟು ಹಾಕ್ಕೊಂಡೇ ಕೂತಿದಾನಲ್ಲ, ಅದಕ್ಕೇನಂತೆ ಅರ್ಥ?"

"ಅದಕ್ಕೇನೂ ಹೇಳಿಲ್ಲ."

"ಹೇಳಲ್ಲ ಬಿಡು. ಅವಳು ಕಸ ಗುಡಿಸಿ ಅರ್ಧ ಗಂಟೆ ಕೂತಿದಾಳೆ ಅಷ್ಟೆ. ನಿಮ್ ಲೆಕ್ಚರರ್ ಮನೇಲಿ ಕಸ ಗುಡಿಸೋರು ಯಾರು, ಕೇಳು."

ಪಕ್ಕದಲ್ಲಿದ್ದ ತಮಿಳು ಆಂಟಿಯೊಬ್ಬರು ಎಲ್ಲ ತಿಳಿದಂತೆ ತಲೆಯಾಡಿಸಿದರು. ನಾನು ಹೇಳಿದ್ದೇ ಸರಿ, ಶಕುಂತಲಾ. ಓದಿಲ್ಲವೆಂದು ಈ ವಿಷಯದಲ್ಲಿ ಹಿಂದೆ ಸರಿಯುವವಳಲ್ಲ. ಚಪ್ಪಲಿ ಚಪ್ಪಲಿಯೇ, ಅರ್ಥ ನೋಡುವವರ ಹೊಟ್ಟೆಯಲ್ಲಿರುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗ್ಯಾಸ್ ಆರಿಸಿದೆಯೋ ಎರಡು ಸಲ ನೋಡು. ನಿನ್ನ ಮನೆಗೆ ಇನ್ನು ಮೇಲೆ ಒಳ್ಳೆಯದನ್ನೇ ತರುವವರು ಬರಲಿ.

ನಿನ್ನ
ಕಾಮಾಕ್ಷಿ

ವಿ.ಸೂ.: ಇದನ್ನು ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ವಾಪಸು ಬರುವಾಗ ಎಂಆರ್‌ಟಿ ರೈಲಿನಲ್ಲಿ ಅನಘಾ ಹೇಳಿದಳು: "ಶಕುಂತಲಾ ಆಂಟಿ ಬೂನ್ ಲೇಲಿದ್ದಾಗ ಶಿವರಾಮ್ ಅಂಕಲ್ ಚಪ್ಪಲಿನ ಬಾಗಿಲ ಮುಂದೆ ಇಡ್ತಿದ್ರು. ಒಬ್ರೇ ಇರೋದು ಯಾರಿಗೂ ಗೊತ್ತಾಗ್ಬಾರ್ದು ಅಂತ." ತೀರಿಕೊಂಡ ನಿನ್ನ ಗಂಡನ ಚಪ್ಪಲಿ. ನಾನು ಎರಡು ಸಲ ಅದನ್ನು ಕಂಡು, ಬೆಲ್ ಒತ್ತದೆ ಹಿಂದಿರುಗಿದ್ದೆ. ಮೈಸೂರಿನಿಂದ ಬಂದಿದ್ದ ಬದರಿನಾಥ್ ಅವರ ಅಕ್ಕನಿಗೆ, ನಿನ್ನ ಬಾಗಿಲಲ್ಲಿ ಯಾರೋ ಗಂಡಸಿನ ಚಪ್ಪಲಿ ಇರುತ್ತದೆ ಎಂದು ಹೇಳಿದವಳು ನಾನೇ. ಆಕೆಗೆ ಫೋನ್ ಮಾಡಿ ನಿಜ ಹೇಳುತ್ತೇನೆ. ಆಡಬೇಕಾದ ಮಾತನ್ನು ಬರೆದಿಟ್ಟುಕೊಂಡಿದ್ದೇನೆ. ನನ್ನ ಪುಸ್ತಕದಲ್ಲಿ ಆಕೆಯ ನಂಬರಿನ ಕೊನೆ ೬೯ ಎಂದಿದೆ, ೯೬ ಇರಬಹುದೆಂಬ ಅನುಮಾನ. ನಿನ್ನಲ್ಲಿರುವುದನ್ನು ಇನ್ನೊಂದು ಸಲ ನೋಡಿ ತಿಳಿಸು.