ಪುಷ್ಪಾಳ ಎಡೆಗೆ ಬಡಿಸಿದ್ದು

ಪುಷ್ಪಾ,

ಗಾಂಧಿ ಬಜಾರಿನ ಜವಳಿ ಅಂಗಡಿ ವೀರಪ್ಪನವರ ಹೆಂಡತಿ ಕಲ್ಲಮ್ಮ ಬರೆಯುತ್ತಿರುವುದು. ನಾನು ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಬರೆದಿರುವ ಕೆಲಸ ಮಾಡಿದವಳು ಯಾರೋ ಹಿಂದೆ ಮುಂದೆ ಇಲ್ಲದವಳು ಎಂದು ಯಾರೂ ತಿಳಿಯಬಾರದು. ವಿದ್ಯಾನಗರದ ನಮ್ಮ ಮನೆಯಲ್ಲಿ ಇವತ್ತಿಗೂ ನನ್ನನ್ನು ಕೇಳದೆ ಹಾಲಿಗೆ ಹೆಪ್ಪು ಬೀಳುವುದಿಲ್ಲ. ಇಬ್ಬರು ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಅಂಗಡಿಯ ಕೆಲಸದವರು ಎಲ್ಲರೂ ನನ್ನ ಮುಂದೆ ದನಿ ತಗ್ಗಿಸಿಯೇ ಮಾತಾಡುತ್ತಾರೆ. ನೆಂಟರು ಬಂದರೆ ಮೊದಲು ನನಗೆ ನಮಸ್ಕಾರ, ಆಮೇಲೆ ಅವರಿಗೆ ಕುರ್ಚಿ. ಸ್ವಾಮಿಗಳು ಪ್ರಸಾದಕ್ಕೆ ಬಂದರೆ ಅಡಿಗೆ ನನ್ನ ಕೈಯದೇ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ ನಮ್ಮದು, ಮೊಟ್ಟೆಯ ಸಿಪ್ಪೆಯೂ ನಮ್ಮ ಹೊಸಿಲು ದಾಟಿ ಒಳಗೆ ಬಂದದ್ದಿಲ್ಲ. ಈ ಮರ್ಯಾದೆಯನ್ನು ನಾನು ಯಾರ ಹತ್ತಿರವೂ ಬೇಡಿ ತಂದದ್ದಲ್ಲ.

ಅಮ್ಮ, ಅತ್ತೆ, ಅಜ್ಜಿ, ಅಮ್ಮಾವ್ರು. ಬೆಳಗಿನಿಂದ ರಾತ್ರಿಯವರೆಗೆ ನನ್ನ ಕಿವಿಗೆ ಬೀಳುವುದು ಈ ನಾಲ್ಕೇ. ಮೂರು ಹೊತ್ತೂ ನನ್ನ ತಟ್ಟೆ ಮೊದಲು ಬರುತ್ತದೆ, ಸೊಸೆ ತನುಜಾ ಪಕ್ಕದಲ್ಲಿ ನಿಂತು ಬಡಿಸುತ್ತಾಳೆ, ಏನು ಬೇಕು ಎಂದು ಕಣ್ಣಲ್ಲೇ ಕೇಳುತ್ತಾಳೆ. ನಾನು ಉಂಡು ಕೈ ತೊಳೆದ ಮೇಲೆ ಅವರೆಲ್ಲ ಕೂರುತ್ತಾರೆ. ಆಗ ಅಡುಗೆಮನೆಯಿಂದ ನಗು ಕೇಳಿಸುತ್ತದೆ. ನಾನು ನನ್ನ ಕೋಣೆಯಲ್ಲಿರುತ್ತೇನೆ.

ಯಜಮಾನರು ತೀರಿಕೊಂಡ ವರ್ಷ ನೀನು ಭದ್ರಾವತಿಯಿಂದ ಬಸ್ಸು ಹತ್ತಿ ಬಂದು, ಮುಸುಕು ಹೊದ್ದು ಮಲಗಿದ್ದ ನನ್ನನ್ನು ನೋಡಿ ಹೇಳಿದ ಮಾತು ನೆನಪಿದೆಯೇ? ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವಳು ಎಂಬ ಸಲುಗೆ ನಿನಗೆ. ಸೊಸೆಯರ ಎದುರಿಗೇ ಅಂದೆ, "ಏಳೇ ಮಾರಾಯ್ತಿ. ನಿನ್ನ ಗಂಡ ಹೋಗಿದಾರೆ, ನಿನ್ನ ಹೊಟ್ಟೆ ಹೋಗಿಲ್ಲ. ನಡಿ, ದೋಸೆ ತಿಂದು ಬರೋಣ." ತನುಜಾ ಬಾಗಿಲಲ್ಲಿ ಕಲ್ಲಿನಂತೆ ನಿಂತಿದ್ದಳು. ಅಲ್ಲಿಯವರೆಗೆ ಹೋಟೆಲಿನ ನೀರನ್ನೂ ಮುಟ್ಟದಿದ್ದ ನಾನು ಎದ್ದು ಸೀರೆ ಬದಲಾಯಿಸಿದೆ. ಯಾಕೆ ಎಂದು ನನಗೆ ಈಗಲೂ ತಿಳಿಯದು.

ಅಲ್ಲಿಂದ ಗುರುವಾರಗಳು ಶುರುವಾದವು. ಗೋಪಾಳದಿಂದ ನಮ್ಮ ಹಳೆಯ ಗೆಳತಿ ವಿಶಾಲಮ್ಮನೂ ಸೇರಿಕೊಂಡಳು. ಒಮ್ಮೆ ಹೋದ ಹೋಟೆಲಿಗೆ ಆರು ತಿಂಗಳು ಮತ್ತೆ ಹೋಗಬಾರದು ಎಂದು ನೀನೇ ಕಾನೂನು ಮಾಡಿದೆ. ಸವಳಂಗ ರಸ್ತೆಯಲ್ಲಿ ಅಕ್ಕಿ ರೊಟ್ಟಿ ಸುಡುವ ಸಣ್ಣ ಹೋಟೆಲು, ಗೋಪಾಳದಲ್ಲಿ ಗಂಡ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ನಡೆಸುವ ಊಟದ ಮನೆ, ಬಸ್ ಸ್ಟ್ಯಾಂಡಿನ ಹತ್ತಿರ ಬೆಳಗಿನ ಹೊತ್ತು ಮಾತ್ರ ತೆರೆಯುವ ಇಡ್ಲಿಯವನು, ನಿಮ್ಮೂರಿನ ಕಾರ್ಖಾನೆಯ ಕಡೆ ಪೊಂಗಲ್ ಮಾಡುವ ತಮಿಳರ ಹೋಟೆಲು. ಅಲ್ಲಿ ನೀನು ತಮಿಳಿನಲ್ಲೇ ಚೌಕಾಸಿ ಮಾಡಿ ಚಟ್ನಿ ಎರಡು ಸಲ ಹಾಕಿಸಿಕೊಳ್ಳುತ್ತಿದ್ದೆ. ಎಲ್ಲಿ ಹೋದರೂ ಮೆನು ಕಾರ್ಡು ನೋಡುವವಳಲ್ಲ ನೀನು. ಸಪ್ಲೈಯರ್‌ನನ್ನು ನಿಲ್ಲಿಸಿಕೊಂಡು, "ಇವತ್ತು ನೀನೇನು ತಿಂದ್ಯಪ್ಪಾ, ಅದನ್ನೇ ತಗೊಂಡ್ ಬಾ" ಅನ್ನುತ್ತಿದ್ದೆ. ನಾನು ಚಮಚವನ್ನು ಬಿಸಿನೀರಿನಲ್ಲಿ ತೊಳೆದು ಸೆರಗಿನಲ್ಲಿ ಒರೆಸಿದರೆ, "ಒರೆಸು ಒರೆಸು, ಸವೆದು ಸೂಜಿ ಆಗ್ಲಿ, ರವಿಕೆ ಹೊಲ್ಕೊಳ್ಳೋಣ" ಅನ್ನುತ್ತಿದ್ದೆ. ಮೂವರ ನಡುವೆ ಎರಡು ದೋಸೆ, ಒಂದು ಕಾಫಿ ಬೈ ಟೂ, ವಿಶಾಲಮ್ಮನಿಗೆ ಸಕ್ಕರೆ ಇಲ್ಲದ್ದು. ಮನೆಯಲ್ಲಿ ನನ್ನ ತಟ್ಟೆಯ ಅಂಚನ್ನು ಮುಟ್ಟಲೂ ಹೆದರುತ್ತಾರೆ. ನೀನು ನನ್ನ ದೋಸೆಯ ಗರಿ ಮೂಲೆಯನ್ನು ಕೇಳದೆ ಮುರಿದುಕೊಳ್ಳುತ್ತಿದ್ದೆ.

ದೊಡ್ಡ ಮಗ ವಿಜಯೇಂದ್ರ ಒಮ್ಮೆ, ಬೇಕಾದ್ದನ್ನು ಮನೆಗೇ ತರಿಸಬಹುದಲ್ಲ ಅಮ್ಮ, ನೋಡಿದವರು ಏನಂದುಕೊಳ್ಳುತ್ತಾರೆ ಎಂದ. ನಾನು ಕೇಳ್ತಿಲ್ಲ, ಹೇಳ್ತಿದೀನಿ ಎಂದೆ. ಅಲ್ಲಿಗೆ ಮುಗಿಯಿತು.

ತಿಂಗಳಿಗೊಮ್ಮೆ ನಾನು ಭದ್ರಾವತಿ ನ್ಯೂಟೌನಿನ ನಿನ್ನ ಮನೆಗೆ ಬರುತ್ತಿದ್ದೆ. ನಮ್ಮವರಲ್ಲದವರ ಮನೆಯಲ್ಲಿ ನಾನು ನೀರು ಕುಡಿದದ್ದು, ಊಟ ಮಾಡಿದ್ದು ಅದೊಂದೇ. ಮೊದಲ ಸಲ ನಾನು ಹೊಸಿಲಲ್ಲಿ ಅನುಮಾನಿಸಿದಾಗ, ನಮ್ಮ ಮನೆಯಲ್ಲಿ ಈಗ ಮಾಂಸ ಮಾಡುವುದಿಲ್ಲ, ನಾನು ಬಿಟ್ಟುಬಿಟ್ಟೆ, ಹರಕೆ ಎಂದೆ ನೀನು. ನಾನು ನಂಬಿದೆ. ನಿನ್ನ ಮಗ ಮಧುವೂ ನಂಬಿದ್ದ.

ಆಮೇಲೆ ನೀನು ಹೋದೆ. ಹೋದ ವರ್ಷ ಶಿವರಾತ್ರಿಗೆ ಮುಂಚೆ, ಅಂಗಳದಲ್ಲಿ ಬಟ್ಟೆ ಒಣಹಾಕುತ್ತ ನಿಂತವಳು ಹಾಗೆಯೇ ಕುಸಿದೆಯಂತೆ. ಅತ್ತವರನ್ನು ಸಮಾಧಾನ ಮಾಡಿ ಬಂದೆ. ನಾನು ನಾಲ್ಕು ಜನರ ಎದುರಿಗೆ ಅಳುವವಳಲ್ಲ.

ಒಂದು ಗುರುವಾರ ವಿಶಾಲಮ್ಮನೂ ನಾನೂ ಹೋಗಿ ನೋಡಿದೆವು. ಕಾರ್ಡು ಹಿಡಿದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಸಪ್ಲೈಯರ್ ಎರಡು ಸಲ ಬಂದು ಹೋದ. ಏನು ಬೇಕು ಎಂದು ಹೇಳಲು ಇಬ್ಬರಿಗೂ ಬರಲಿಲ್ಲ. ಕೊನೆಗೆ ಇಡ್ಲಿ ತಿಂದು ಆಟೋ ಹತ್ತಿದೆವು. ಈಗ ಅವಳಿಗೆ ಮಂಡಿ ನೋವು, ಮಹಡಿ ಇಳಿಯುವುದಿಲ್ಲ. ಮೊಮ್ಮಗಳು ಅಮೂಲ್ಯ ನನ್ನನ್ನು ಒಂದು ಹೊಸ ಜಾಗಕ್ಕೆ ಕರೆದುಕೊಂಡು ಹೋದಳು. ಸಂಜೆಯ ಹೊತ್ತಿಗೇ ಕತ್ತಲೆ ಮಾಡಿಕೊಂಡು ಕೂತಿದ್ದರು. ತಟ್ಟೆ ಬಂದ ಮೇಲೆ ಫೋಟೋ ತೆಗೆಯುವಷ್ಟರಲ್ಲಿ ಆರಿಹೋಯಿತು. ಮಗು ಪ್ರೀತಿಯಿಂದಲೇ ಕರೆದಿತ್ತು. ಆದರೆ ಅವಳೂ ನನ್ನ ತಟ್ಟೆಗೆ ಕೈ ಹಾಕಲಿಲ್ಲ, "ನೀವು ಮೊದಲು ತಗೊಳ್ಳಿ ಅಜ್ಜಿ" ಎಂದಳು.

ಗುರುವಾರ ಬಂದರೆ ನಾನು ಸೀರೆ ಉಟ್ಟು ಕೂರುತ್ತೇನೆ. ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ, ಕೇಳುವ ಧೈರ್ಯ ಅವರಿಗಿಲ್ಲ. ಮಧ್ಯಾಹ್ನವಾದ ಮೇಲೆ ಸೀರೆ ಮಡಿಸಿಡುತ್ತೇನೆ.

ಈ ಸಲದ ಮಹಾಲಯ ಅಮಾವಾಸ್ಯೆಗೆ ಒಂದು ವಾರ ಇರುವಾಗ ಮಧು ಫೋನ್ ಮಾಡಿದ. ಹೋದ ಸಲ ನೀನು ಹೋಗಿ ವರ್ಷ ತುಂಬಿರಲಿಲ್ಲ, ಈ ಸಲ ಹಿರಿಯರ ಹಬ್ಬದಲ್ಲಿ ಅಮ್ಮನಿಗೆ ಮೊದಲನೇ ಎಡೆ ಎಂದ. ಹೋದವರಿಗೆ ಬದುಕಿದ್ದಾಗ ಏನು ಇಷ್ಟವಿತ್ತೋ ಅದನ್ನು ಎಲೆಯಲ್ಲಿ ಬಡಿಸಿ ಇಡಬೇಕು, ಇಲ್ಲದಿದ್ದರೆ ಹಸಿದುಕೊಂಡೇ ಹಿಂದಿರುಗುತ್ತಾರೆ ಎಂಬುದು ನಿಮ್ಮವರ ನಂಬಿಕೆ. ಅವನ ದನಿ ಸಣ್ಣಗಾಯಿತು. "ಅಮ್ಮ ನಮಗೆ ಏನೇನು ಮಾಡಿ ಹಾಕ್ತಿದ್ರು ಅಂತ ಗೊತ್ತು ಆಂಟಿ. ಅವರಿಗೆ ಏನು ಇಷ್ಟ ಅಂತ ನಾನು ಒಂದು ದಿನನೂ ಕೇಳ್ಲಿಲ್ಲ. ನಿಮಗೆ ಗೊತ್ತಿರುತ್ತೆ."

ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ? ಹೆತ್ತ ಮಗನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂದು. ಪಾಠ ಒಪ್ಪಿಸಿದ ಹಾಗೆ ಹೇಳಿದೆ. ಅಕ್ಕಿ ರೊಟ್ಟಿಗೆ ಕಾಯಿ ಚಟ್ನಿ, ಗರಿಯಾದ ದೋಸೆ, ಮೆಣಸು ಹೆಚ್ಚಿಗೆ ಹಾಕಿದ ಪೊಂಗಲ್, ಕಡುಬು. ಅಮಾವಾಸ್ಯೆಯ ದಿನ ನಾನೇ ಕಡುಬು ಮಾಡಿಕೊಂಡು ಭದ್ರಾವತಿಗೆ ಬಂದೆ.

ನಿನ್ನ ಫೋಟೋ, ಅದರ ಮುಂದೆ ಹೊಸ ಸೀರೆ, ದೀಪ, ಬಾಳೆ ಎಲೆ. ನಿನ್ನ ಸೊಸೆ ಎಲ್ಲವನ್ನೂ ಅಚ್ಚುಕಟ್ಟಾಗಿ ಬಡಿಸಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ಹುಚ್ಚಮ್ಮ ಬಂದಳು. ಕಾರ್ಖಾನೆಯ ಕ್ವಾರ್ಟರ್ಸಿನ ದಿನಗಳಿಂದ ನಿನ್ನ ಜೊತೆಗಿದ್ದವಳು, ಬಾಯಿಗೆ ಬಾಗಿಲಿಲ್ಲದ ಮುದುಕಿ. ಎಲೆಯನ್ನು ನೋಡಿ, "ಇದೇನ್ಲಾ ಮಧು, ನಿಮ್ಮವ್ವನಿಗೆ ಬೆಳಗ್ಗೆ ತಿಂಡಿ ಇಟ್ಟಿದೀಯ?" ಅಂದಳು. ಮಧು ಅಮ್ಮನ ಹರಕೆಯ ಮಾತೆತ್ತಿದ. ಹುಚ್ಚಮ್ಮ ನಕ್ಕೇಬಿಟ್ಟಳು.

"ಯಾವ ದೇವ್ರ ಹರಕೆನೋ? ಶಿವಮೊಗ್ಗದ ಈ ಯಮ್ಮ ನಮ್ಮನೇಲಿ ಒಂದು ಲೋಟ ನೀರು ಕುಡೀಲಿ ಅಂತ ಒಲೆ ಮೇಲೆ ಮಾಂಸ ಇಡೋದು ಬಿಟ್ಲು. ಬಾಯಿರುಚಿ ಬಿಟ್ಟಿರ್ಲಿಲ್ಲ. ಬುಧವಾರ ಬುಧವಾರ ಮಿಲಿಟರಿ ಹೋಟೆಲಿಗೆ ಹೋಗಿ ಮುದ್ದೆ, ತಲೆಮಾಂಸದ ಸಾರು, ಬೋಟಿ ತಿಂದು ಬರೋಳು. ನಾಳೆ ಶಿವಮೊಗ್ಗದಲ್ಲಿ ಸೊಪ್ಪು ಮೇಯ್ಬೇಕಲ್ಲ ಹುಚ್ಚಕ್ಕ, ಇವತ್ತೇ ಹೊಟ್ಟೆ ಗಟ್ಟಿ ಮಾಡ್ಕೊಂಡೆ ಅನ್ನೋಳು."

ಹೇಳಿ ಮುಗಿಸಿದ ಮೇಲೆ ಅವಳಿಗೆ ನಾನು ಅಲ್ಲೇ ನಿಂತಿರುವುದು ಅರಿವಾಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಪುಷ್ಪಾ, ಆ ಪದಾರ್ಥಗಳ ಹೆಸರು ಕೇಳಿಯೇ ಎರಡು ಹೆಜ್ಜೆ ಹಿಂದೆ ಸರಿದೆ. ಸುಳ್ಳು ಹೇಳುವುದಿಲ್ಲ. ಆದರೆ ನನ್ನನ್ನು ಚುಚ್ಚಿದ್ದು ಬೇರೆಯೇ. ನೀನು ನನ್ನ ಚಮಚವನ್ನು ಹಾಸ್ಯ ಮಾಡಿದೆ, ನನ್ನ ದೋಸೆ ಮುರಿದುಕೊಂಡೆ, ನನ್ನ ಮಗನನ್ನು ನನ್ನೆದುರಿಗೇ ಅಣಕಿಸಿದೆ. ಎಲ್ಲ ಸಲುಗೆ ತೆಗೆದುಕೊಂಡವಳು ಇದೊಂದನ್ನು ತೆಗೆದುಕೊಳ್ಳಲಿಲ್ಲ. ನನ್ನ ಮುಂದೆ ದನಿ ತಗ್ಗಿಸುವವರ ಸಾಲಿನಲ್ಲಿ ನೀನೂ ಇದ್ದೆ. ಅಷ್ಟು ವರ್ಷ ಜೊತೆಯಲ್ಲಿ ಕೂತು ತಿಂದೆವು ಎಂದುಕೊಂಡಿದ್ದೆನಲ್ಲ, ಕೂತವಳು ನಾನೊಬ್ಬಳೇ.

ಎಲ್ಲರೂ ಎಲೆಯನ್ನೇ ನೋಡುತ್ತ ನಿಂತಿದ್ದರು. ಮಧುವಿಗೆ ಕಣ್ಣು ತುಂಬಿತ್ತು. ಅಮ್ಮ ಹಸಿದುಕೊಂಡೇ ಹೋಗುತ್ತಾಳೆ ಎಂಬುದು ಅವನ ಮುಖದ ಮೇಲಿತ್ತು. ಈಗಲೇ ಹೋಗಿ ಆ ಊಟ ತಾ ಎಂದೆ. ಅವನು ಕೈ ಮುಗಿದ. ಈ ಮನೆಯೊಳಗೆ ಮಾಂಸ ತರುವುದಿಲ್ಲ ಎಂದು ನಿನ್ನ ಕೈ ಮುಟ್ಟಿ ಆಣೆ ಮಾಡಿದ್ದನಂತೆ. ಅದೂ ನಿಮ್ಮೆದುರಿಗೆ ಹೇಗೆ ಆಂಟಿ, ಅಮ್ಮ ಮಾಡದ್ದನ್ನು ನಾನು ಮಾಡಲಾರೆ, ಇರುವುದೇ ಸಾಕು ಎಂದ.

ಆಣೆ ಹಾಕಿಸಿಕೊಂಡವಳು ಫೋಟೋದಲ್ಲಿದ್ದಳು. ಯಾರಿಗಾಗಿ ಹಾಕಿಸಿಕೊಂಡಳೋ ಆ ಹೆಂಗಸು ಇನ್ನೂ ಕಾಲ ಮೇಲೆ ನಿಂತಿದ್ದಳು. ಅದನ್ನು ಮುರಿಯುವುದಾದರೆ ನಾನೇ ಮುರಿಯಬೇಕಿತ್ತು. "ಹುಚ್ಚಮ್ಮ, ಆ ಹೋಟೆಲು ಎಲ್ಲಿದೆ ತೋರ್ಸಿ ನಡೀರಿ" ಎಂದೆ. ಮಧು ಹಿಂದೆ ಬಂದ. ನೀನು ಆಣೆ ಮಾಡಿದವನು, ಇಲ್ಲೇ ಇರು ಎಂದು ಕೂರಿಸಿದೆ.

ಆಟೋ ಇಳಿದು ಮೂರು ಮೆಟ್ಟಿಲು ಹತ್ತಿದೆ. ಒಳಗೆ ಹೊಗೆ, ಮಸಾಲೆ, ನಾನು ಜನ್ಮದಲ್ಲಿ ಅಷ್ಟು ಹತ್ತಿರದಿಂದ ಉಸಿರಾಡದ ವಾಸನೆ. ನನ್ನ ಹಣೆಯ ವಿಭೂತಿಯನ್ನು ಎಲ್ಲರೂ ತಿರುಗಿ ನೋಡಿದರು. ಒಂದು ಟೇಬಲಿನಿಂದ ನಮ್ಮ ಅಂಗಡಿಯ ಹಳೆಯ ಗಿರಾಕಿ ಎಂಜಲು ಕೈಯಲ್ಲೇ ಎದ್ದು ನಿಂತ, ಅಮ್ಮಾವ್ರೇ ನೀವಿಲ್ಲಿ ಎಂದ. ಊಟದ ಮಧ್ಯೆ ಏಳಬಾರದು, ಕೂತು ಉಣ್ಣಿ ಎಂದೆ. ಕೂತ. ಸುದ್ದಿ ಆ ಸಂಜೆಯೇ ಗಾಂಧಿ ಬಜಾರ್ ಮುಟ್ಟಿತು. ವಿಜಯೇಂದ್ರ ನಿಜವೇ ಎಂದು ಕೇಳಿದ, ನಿಜ ಎಂದೆ.

ಹೋಟೆಲಿನವನಿಗೆ ಹುಚ್ಚಮ್ಮ ನಿನ್ನ ಹೆಸರು ಹೇಳಿದಳು. ಅವನ ಕೈ ನಿಂತಿತು. "ಪುಷ್ಪಮ್ಮನ ಕಡೆಯವ್ರಾ? ಅದೇ ಅವರ ಜಾಗ" ಎಂದು ಮೂಲೆ ತೋರಿಸಿದ. "ಒಬ್ರೇ ಬರೋರು. ಫ್ಯಾನ್ ಕೆಳಗೆ ಕೂತ್ಕೊಳ್ಳಿ ಅಂದ್ರೂ ಕೇಳ್ತಿರ್ಲಿಲ್ಲ. ಗೋಡೆ ಕಡೆ ಮುಖ ಮಾಡ್ಕೊಂಡು ತಿಂದು, ಸೋಂಪು ಬಾಯಿಗೆ ಹಾಕ್ಕೊಂಡು ಹೋಗೋರು."

ಆ ಮೂಲೆಯನ್ನು ನೋಡಿದೆ. ಒಂದು ಟೇಬಲು, ಒಂದು ಸ್ಟೂಲು, ಎದುರಿಗೆ ಎಣ್ಣೆ ಜಿಡ್ಡಿನ ಗೋಡೆ. ಅಷ್ಟು ಬುಧವಾರ ನೀನು ಮಾತಾಡಿದ್ದು ಯಾರ ಜೊತೆ? ನಗಿಸಿದ್ದು ಯಾರನ್ನು?

ಬಿಸಿ ಪೊಟ್ಟಣಗಳನ್ನು ಹುಚ್ಚಮ್ಮನ ಕೈಗೆ ಕೊಡಲಿಲ್ಲ. ನನ್ನ ಮಡಿಲಲ್ಲೇ ಇಟ್ಟುಕೊಂಡು ಬಂದೆ. ನಿನ್ನ ಹೊಸಿಲನ್ನು ಬಲಗಾಲಿಟ್ಟು ದಾಟಿದೆ. ನನ್ನ ಕಡುಬನ್ನು ಎಲೆಯ ತುದಿಗೆ ಸರಿಸಿ, ಮುದ್ದೆ ಇಟ್ಟು, ಸಾರು ಬಿಟ್ಟು, ಉಳಿದದ್ದನ್ನು ಪಕ್ಕದಲ್ಲಿ ಬಡಿಸಿದೆ. ಎಲ್ಲಿ ಏನು ಬಡಿಸಬೇಕೆಂದು ತಿಳಿಯದೆ ತಪ್ಪಾಗಿದ್ದರೆ ಸರಿಮಾಡಿಕೋ.

ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಚ್ಚುವುದು ನಿಮ್ಮ ಪದ್ಧತಿ. ಹಿರಿಯರು ಯಾರ ಕಣ್ಣಿಗೂ ಬೀಳದೆ, ಒಬ್ಬರೇ ಬಂದು ಉಂಡು ಹೋಗುತ್ತಾರಂತೆ. ಮಕ್ಕಳನ್ನು ಕರೆದುಕೊಂಡು ನಿನ್ನ ಸೊಸೆ ಹೊರಟಳು, ಮಧು ಬನ್ನಿ ಆಂಟಿ ಎಂದ. ನಾನು ಚಾಪೆ ಎಳೆದುಕೊಂಡು ಎಲೆಯ ಎದುರಿಗೆ ಕೂತೆ.

"ಹಂಗೆಲ್ಲ ಕೂರ್ಬಾರದು ಯವ್ವಾ" ಎಂದಳು ಹುಚ್ಚಮ್ಮ, "ಸತ್ತೋರು ಉಣ್ಣೋದನ್ನ ಬದುಕಿರೋರು ನೋಡ್ಬಾರದು."

"ಬಾಗಿಲು ಎಳ್ಕೊಂಡು ಹೋಗಿ" ಎಂದೆ. "ಇವಳು ಒಬ್ಬಳೇ ಉಂಡಿದ್ದು ಸಾಕು."

ಬಾಗಿಲು ಮುಚ್ಚಿತು. ದೀಪ, ನಿನ್ನ ಫೋಟೋ, ನಾನು. ಮೂಗಿಗೆ ಸೆರಗು ಹಿಡಿಯಲಿಲ್ಲ. ನೀನು ಬಂದೆಯೋ ಇಲ್ಲವೋ ಗೊತ್ತಿಲ್ಲ, ಕಾಣದ್ದನ್ನು ಕಂಡೆ ಎನ್ನುವ ಹೆಂಗಸು ನಾನಲ್ಲ. ಸಾರಿನ ಮೇಲೆ ಜಿಡ್ಡು ಕಟ್ಟಿತು. ಅವರು ಹೊರಗಿನಿಂದ ಒಮ್ಮೆ ತಟ್ಟಿದರು. ಸ್ವಲ್ಪ ತಾಳಿ, ಇನ್ನೂ ಉಣ್ತಿದಾಳೆ ಎಂದು ಹೇಳಿ, ನಾನು ಅಲ್ಲೇ ಕೂತಿದ್ದೆ.

ಎಲ್ಲಿದ್ದರೂ ನಿನ್ನ ಎಲೆ ಬರಿದಾಗದಿರಲಿ ಪುಷ್ಪಾ. ಶಿವನು ನಿನ್ನನ್ನು ತಣ್ಣಗಿಟ್ಟಿರಲಿ.

ಇಂತಿ,
ಕಲ್ಲಮ್ಮ
ವಿದ್ಯಾನಗರ, ಶಿವಮೊಗ್ಗ