ಕೆರೆಬೀದಿಗೆ ಅಳತೆಯವರು ಬಂದದ್ದು

ಕೆರೆಬೀದಿ, ಶಿರಾ ತಾಲ್ಲೂಕು
17 ಆಗಸ್ಟ್ 2025, ಭಾನುವಾರ

ಪ್ರೀತಿಯ ಶರಣ್ಯಾ,

ನಿಮ್ಮಮ್ಮ ಆರಾಮಾಗಿದ್ದಾರೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪಾವಗಡಕ್ಕೆ ಕಾಗದ ಬಂತೆಂದರೆ ನೀನು ಗಾಬರಿಯಾಗುತ್ತೀಯ. ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಿನ್ನ ದನಿ ಕೇಳುತ್ತಲೇ ಧೈರ್ಯ ಉಡುಗಿ, ನಿನ್ನ ಆಸ್ಪತ್ರೆ ಡ್ಯೂಟಿ, ಮಕ್ಕಳ ಪರೀಕ್ಷೆ ಎಂದು ಏನೇನೋ ಮಾತಾಡಿ ಇಟ್ಟುಬಿಟ್ಟೆ.

ಮುತ್ತುರಾಜ್ ನನ್ನೊಬ್ಬಳನ್ನೇ ಬಿಟ್ಟು ತೀರಿಹೋಗಿ ಇವತ್ತಿಗೆ ನಲವತ್ತು ದಿನ. ತಿಥಿಗೆ ಬಂದಾಗ ನೀನು ನನ್ನ ಪಕ್ಕ ಕೂತು, ಕೊನೆಯಲ್ಲಿ ತುಂಬ ನರಳಿದರಾ ಎಂದು ಕೇಳಿದೆ. ಇಲ್ಲ ಎಂದೆ. ಅದು ಸುಳ್ಳು.

ಲಕ್ವ ಹೊಡೆದ ಮೇಲೆ ಅವರ ಎಡಭಾಗ ಏಳಲೇ ಇಲ್ಲ. ನಮ್ಮನೆ ನಿನಗೆ ಗೊತ್ತಲ್ಲ, ಬಚ್ಚಲು ಕಕ್ಕಸು ಎರಡೂ ಹಿತ್ತಿಲಲ್ಲಿ, ನಡುವೆ ಎತ್ತರದ ಹೊಸ್ತಿಲು, ಮೂರು ಮೆಟ್ಟಿಲು. ಅವರನ್ನು ಎತ್ತಿಕೊಂಡು ಹೋಗಲು ಇಬ್ಬರು ಬೇಕು. ನಾನು ಶಾಲೆಗೆ ಹೋದ ಮೇಲೆ ಯಾರನ್ನು ಕರೆಯುವುದು ಎಂದು ಅವರು ನೀರು ಕುಡಿಯುವುದನ್ನೇ ಬಿಟ್ಟರು. ಸಂಜೆ ಬಂದರೆ ಚೊಂಬು ಇಟ್ಟಹಾಗೇ ಇರುತ್ತಿತ್ತು. ಬೈದರೆ, “ದಾಹ ಆಗ್ಲಿಲ್ಲ ಕಣೆ” ಎನ್ನುತ್ತಿದ್ದರು. ಬೇಸಿಗೆಯಲ್ಲೂ ಅದೇ ಮಾತು.

ಹಾಗಾಗಿ ಒಳಗೇ ಒಂದು ಬಚ್ಚಲು ಕಟ್ಟಿಸಿ, ಹೊಸ್ತಿಲು ತೆಗೆಸಿ, ಗಾಲಿಕುರ್ಚಿ ಹೋಗುವಷ್ಟು ಬಾಗಿಲು ಅಗಲ ಮಾಡಿಸೋಣ ಎಂದುಕೊಂಡೆ. ಗಾರೆ ಕೆಲಸದ ನರಸಿಂಹರಾಜು ಬಂದು ನೋಡಿದ. “ಯಾವ ಅರ್ಜಿನೂ ಬ್ಯಾಡ ಕಣಕ್ಕ. ಎಂಟು ದಿನ ಕೊಡು, ಕಟ್ಬುಡ್ತೀನಿ. ಯಾರ್ ಬಂದು ನೋಡ್ತಾರೆ?” ಎಂದ. ಮುತ್ತುರಾಜ್ ಕೂಡ ಅದನ್ನೇ ಹೇಳಿದರು. ನಾನು ಕೇಳಲಿಲ್ಲ. ಸರ್ಕಾರಿ ಶಾಲೆಯ ಟೀಚರ್ ಆಗಿ ಕೆರೆ ಪಕ್ಕ ಕದ್ದು ಕಟ್ಟಿಸಿದಳು ಅನ್ನಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಫೆಬ್ರವರಿಯಲ್ಲಿ ಪರವಾನಗಿ ಕೇಳಿ ಅರ್ಜಿ ಬರೆದೆ. ಕೆರೆ ಪಕ್ಕದ ಮನೆ, ಅಳತೆಯಾಗದೆ ಏನೂ ಕೊಡಲಾಗದು ಎಂದರು. ಅದಕ್ಕೂ ಸಹಿ ಹಾಕಿದೆ.

ಹೌದು ಶರಣ್ಯಾ. ಅಳತೆಯವರನ್ನು ನಮ್ಮ ಬೀದಿಗೆ ತಂದದ್ದು ನನ್ನ ಅರ್ಜಿ.

ಏಪ್ರಿಲ್‌ನಲ್ಲಿ ನಕ್ಷೆ ಹಿಡಿದು ಬಂದರು. ನಮ್ಮ ಹಿತ್ತಿಲಿನಿಂದ ಶುರು ಮಾಡಿದವರು ಕೆರೆಯ ಕಡೆ ಹೋಗುತ್ತಾರೆ ಎಂದುಕೊಂಡರೆ ಬೀದಿಯ ಕಡೆ ಬಂದರು. ನಿಮ್ಮ ಜಗಲಿಯ ಮುಂದೆ ನೆಲ ಕೆದಕಿದಾಗ ಹಳೆಯ ಗಡಿಕಲ್ಲು ಸಿಕ್ಕಿತು. ಅದರಿಂದ ನೀರಿನವರೆಗೆ ಎಲ್ಲವೂ ಕೆರೆಯದಂತೆ. ನಮ್ಮನೆ, ನಿಮ್ಮನೆ, ಆಚೆಯ ಇನ್ನೂ ನಾಲ್ಕು ಮನೆ. ಜೂನ್‌ನಲ್ಲಿ ಮನೆ ತೆರವು ಮಾಡಿ ಎಂದು ಆರು ಬಾಗಿಲಿಗೂ ನೋಟಿಸ್ ಅಂಟಿಸಿದರು.

ಮಾರನೆಯ ದಿನವೇ ಕಚೇರಿಗೆ ಓಡಿದೆ. ನನಗೆ ಬಚ್ಚಲೂ ಬೇಡ, ಏನೂ ಬೇಡ, ಅರ್ಜಿ ಹಿಂದಕ್ಕೆ ಕೊಡಿ ಎಂದೆ. ಅಲ್ಲಿದ್ದ ಗುಮಾಸ್ತರು ಒಳ್ಳೆಯವರೇ. “ಅರ್ಜಿ ವಾಪಸ್ ತಗೋಬೋದಮ್ಮ, ಅಳತೆ ವಾಪಸ್ ಆಗಲ್ಲ” ಎಂದರು. ನೋಟಿಸ್ ಬಿದ್ದ ಮನೆಯನ್ನು ನರಸಿಂಹರಾಜು ಮುಟ್ಟಲು ಹೆದರಿದ. ಅಷ್ಟರಲ್ಲಿ ನೀರು ಕುಡಿಯದೆ ಮುತ್ತುರಾಜ್‌ಗೆ ಮೂತ್ರದ ಸೋಂಕು ಕಿಡ್ನಿಗೆ ಏರಿತ್ತು. ಜುಲೈ ಎಂಟಕ್ಕೆ ಹೋದರು. ಹೋಗುವ ಮುಂಚೆ ನಾಲ್ಕು ದಿನ ನರಳಿದರು.

ಇಷ್ಟೇ ಆಗಿದ್ದರೆ ಅತ್ತು ಹೇಳಿಬಿಡುತ್ತಿದ್ದೆ.

ನೋಟಿಸ್ ಅಂಟಿಸಿದ ದಿನ ಬೀದಿಯವರೆಲ್ಲ ಎದುರು ಸಾಲಿನ ಸಂಜೀವಯ್ಯನವರ ಹಿಟ್ಟಿನ ಗಿರಣಿ ಮುಂದೆ ಸೇರಿದ್ದರು. ಅವರ ಮನೆ ಗಡಿಯಿಂದಾಚೆ, ಅವರಿಗೆ ನೋಟಿಸ್ ಇಲ್ಲ. ಹಿಂದೊಮ್ಮೆ ಕೆರೆಯಂಗಳದಲ್ಲಿ ಇಟ್ಟಿಗೆ ಸುಡುವವರ ಮೇಲೆ ದೂರು ಬರೆದವರೂ ಅವರೇ. ಇದೂ ಅವರದೇ ಕೆಲಸ ಎಂದು ಜನ ಕೂಗಾಡಿದರು. “ನಾನಲ್ಲ ಕಣ್ರಪ್ಪ” ಎಂದು ಅವರು ಹೇಳುತ್ತಲೇ ಇದ್ದರು. ಆಗ ನಿಮ್ಮಮ್ಮ ನನ್ನ ಕಡೆ ತಿರುಗಿ, “ನೀನು ಓದಿರೋಳು, ಹೇಳಮ್ಮ, ಇದು ಇವ್ನ ಕೆಲ್ಸನಾ?” ಎಂದು ಕೇಳಿದರು. “ಇರಬೋದು” ಎಂದೆ. ನಿಮ್ಮಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಒಬ್ಬರೂ ಆ ಗಿರಣಿಗೆ ರಾಗಿ ತರಲಿಲ್ಲ. ಮೂಟೆ ಹೊತ್ತು ಪಕ್ಕದೂರಿಗೆ ಹೋಗುತ್ತಾರೆ.

ನೋಟಿಸ್‌ಗೆ ತಕರಾರು ಕೊಡಲು ಈ ತಿಂಗಳ ಮೂವತ್ತನೆಯ ತಾರೀಖು ಕಡೆ. ಮನೆ ಕಂದಾಯದ ಹಳೆಯ ರಸೀದಿಗಳು ನಿನ್ನ ಹತ್ತಿರ ಇವೆಯಂತೆ, ತಕ್ಷಣ ಕಳಿಸು. ನಿಮ್ಮಮ್ಮನ ತಕರಾರು ನಾನೇ ಬರೆಯುತ್ತೇನೆ. ಮನೆ ಉಳಿಯುತ್ತದೆಂದು ಹೇಳಲಾರೆ. ಬದಲಿ ಜಾಗ ಕೊಡುತ್ತಾರಂತೆ, ಎಲ್ಲಿ ಎಂದು ಯಾರೂ ಬಾಯಿ ಬಿಡುತ್ತಿಲ್ಲ. ಕ್ಷಮಿಸು ಎಂದು ಕೇಳುವಷ್ಟು ಮುಖ ನನಗಿಲ್ಲ. ಇದನ್ನು ಬೇರೆಯವರಿಂದ ತಿಳಿಯಬಾರದು ಎಂದಷ್ಟೇ ಬರೆದೆ.

ನಿನ್ನ
ಶ್ರೀಲತಾ

ತಾ. ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮಮ್ಮ ಬಂದರು. ಯಾರಿಗೆ ಬರೀತಿದ್ದೀಯ ಎಂದರು. ಕೂರಿಸಿ ಪೂರ್ತಿ ಓದಿ ಹೇಳಿದೆ. “ನಂಗೆ ಅವತ್ತೇ ಗೊತ್ತಿತ್ತು ಕಣಮ್ಮ. ಶ್ರೀಲತಾ ಮೇಡಂ ಮನೆ ಯಾವ್ದು ಅಂತ ಅಳತೆಯವ್ರು ನನ್ನೇ ಕೇಳಿದ್ರು. ನಿನ್ ಬಾಯಲ್ಲೇ ಬರ್ಲಿ ಅಂತ ಎಲ್ರ ಮುಂದೆ ಕೇಳ್ದೆ. ಬರ್ಲಿಲ್ಲ. ಗಂಡ ಮಲಗವ್ನೆ ಅಂತ ನಾನೂ ಸುಮ್ಕಾದೆ” ಎಂದರು. ಇಬ್ಬರೂ ಎದ್ದು ಸಂಜೀವಯ್ಯನವರ ಮನೆಗೆ ಹೋದೆವು. ಗಿರಣಿಗೆ ಬೀಗ. ಹೆಂಡತಿ ಬಸವಮ್ಮ ಒಬ್ಬರೇ ಇದ್ದರು. ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. “ಅವ್ರು ಹತ್ತು ದಿನದ ಹಿಂದೆನೇ ಕೊರಟಗೆರೆ ಮಗಳ ಮನೆಗೆ ಹೋದ್ರು, ಇನ್ನು ಈ ಬೀದಿಗೆ ಕಾಲಿಡಲ್ಲ ಅಂದವ್ರೆ. ಹೋಗಿ ಅವ್ರಿಗೇ ಹೇಳವ್ವ” ಎಂದರು. ನಾಳೆ ರಜೆ ಹಾಕಿ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ನಿಮ್ಮಮ್ಮನೂ ಬರುತ್ತಾರಂತೆ. “ನಾನೂ ಬಾಯ್ ಮುಚ್ಕೊಂಡಿದ್ನಲ್ಲ” ಎನ್ನುತ್ತ, ಬಸ್ಸಿಗೆ ಬೇಕೆಂದು ಆಧಾರ್ ಕಾರ್ಡ್ ಹುಡುಕುತ್ತಿದ್ದಾರೆ.