ಮೇವಿಸ್ ಅತ್ತೆಯ ಮುಂಬಾಗಿಲನ್ನು ನಕಲಿ ಎಂದವರಿಗೆ

ಮಾನ್ಯ ಪರಂಪರೆ ಸಂರಕ್ಷಣಾಧಿಕಾರಿಗಳೇ,

ನಮ್ಮ ಮನೆಯ ಮುಂಬಾಗಿಲು ಪ್ರಾಮಾಣಿಕವಾಗಿಲ್ಲ ಎಂದು ನೀವು ಪುರಸಭೆಯ ಮುದ್ರೆಯೊತ್ತಿ ತಿಳಿಸಿದ್ದೀರಿ. ಅದು ಪೈನ್ ಮರದ ಬಾಗಿಲು. ಅದರ ಮೇಲೆ ಓಕ್ ಮರದ ಎಳೆಗಳನ್ನು ಬಣ್ಣದಲ್ಲಿ ಬರೆದಿದೆ. ಇದು ‘ವಿಕ್ಟೋರಿಯಾ ಕಾಲದ ಮನೆಗೆ ಒಪ್ಪದ ನಕಲಿ ಅಲಂಕಾರ’ವಂತೆ. ಬಣ್ಣವನ್ನೆಲ್ಲ ಕೆರೆದು ಮರವನ್ನು ಬರಿದಾಗಿಸಬೇಕು, ಇಲ್ಲವೇ ನಿಮ್ಮ ಪಟ್ಟಿಯಲ್ಲಿರುವ ಯಾವುದಾದರೂ ಬೂದು ಬಣ್ಣ ಬಳಿಯಬೇಕು, ಅಲ್ಲಿಯವರೆಗೆ, ದುರಸ್ತಿಗೆಂದು ಕಳಚಿದ ಬಾಗಿಲನ್ನು ಮತ್ತೆ ಚೌಕಟ್ಟಿಗೆ ಕೂರಿಸುವಂತಿಲ್ಲ. ಹಾಗಾಗಿ ಈಗ ನಮ್ಮ ಬಾಗಿಲು ಮುಂದಿನ ಕೋಣೆಯಲ್ಲಿ ಎರಡು ಸ್ಟೂಲುಗಳ ಮೇಲೆ ರೋಗಿಯಂತೆ ಮಲಗಿದೆ. ಚೌಕಟ್ಟಿಗೆ ಪ್ಲೈವುಡ್ ಹೊಡೆದಿದೆ. ಮುಂದಿನ ತಿಂಗಳ ಮೊದಲ ಶನಿವಾರ ಅದೇ ಬಾಗಿಲಿನಿಂದ ಮದುಮಗಳಾಗಿ ಹೊರಡಬೇಕಾದ ನನ್ನ ಮೇವಿಸ್ ಅತ್ತೆ, ಎಪ್ಪತ್ತೊಂದು ವರ್ಷದವಳು, ನನ್ನ ಮುಖ ನೋಡುತ್ತ ಕುಳಿತಿದ್ದಾಳೆ.

ನೀವು ಖುದ್ದಾಗಿ ಬಂದು ಪರಿಶೀಲಿಸಿದ್ದೀರಿ ಎಂದು ನಿಮ್ಮ ಆದೇಶದಲ್ಲಿದೆ. ಬಂದಿದ್ದು ನಿಜ. ಆ ದಿನ ಬೆಳಿಗ್ಗೆಯಿಂದ ನಾವು ನಿಮ್ಮನ್ನೇ ಕಾಯುತ್ತಿದ್ದೆವು. ಹಿಂಬಾಗಿಲು ಹಾರುಹೊಡೆದಿತ್ತು, ಟೀ ನೀರು ಕುದಿದು ಕುದಿದು ಬತ್ತಿತ್ತು, ಅತ್ತೆ ಶುಂಠಿ ಕೇಕ್ ಮಾಡಿ ಒಳ್ಳೆಯ ತಟ್ಟೆಗಳನ್ನು ತೆಗೆದಿಟ್ಟಿದ್ದಳು. ಆಗ ಯಾರೋ ಮುಂಬಾಗಿಲು ಬಡಿದರು.

ಈ ಬೀದಿಯಲ್ಲಿ ಹುಟ್ಟಿದ ಯಾರಿಗಾದರೂ ಮುಂದಿನದನ್ನು ಹೇಳಬೇಕಿಲ್ಲ. ಇಲ್ಲಿ ಮನೆಯವರು, ನೆಂಟರು, ನೆರೆಯವರು ಎಲ್ಲರೂ ಓಡಾಡುವುದು ಹಿಂಬಾಗಿಲಿನಿಂದ. ಮುಂಬಾಗಿಲಿನಿಂದ ಮದುಮಗಳು ಹೊರಡುತ್ತಾಳೆ, ಶವಪೆಟ್ಟಿಗೆ ಹೊರಡುತ್ತದೆ. ಉಳಿದಂತೆ ಅದನ್ನು ಬಡಿಯುವವರು ಪೊಲೀಸರು, ಸಾಲ ವಸೂಲಿಗೆ ಬಂದವರು, ನಮ್ಮ ಆತ್ಮದ ಉದ್ಧಾರಕ್ಕೆ ಪುಸ್ತಕ ಹಿಡಿದು ಬಂದವರು. ಅತ್ತೆ ಟಿವಿ ಆರಿಸಿದಳು. ಅವಳ ಭಾವೀ ಪತಿ ಸೆಲ್ವಿನ್, ಜೀವಮಾನವಿಡೀ ಬಸ್ ಓಡಿಸಿದ ಧೈರ್ಯವಂತ, ಸೋಫಾದ ಹಿಂದೆ ಮಲಗಿಬಿಟ್ಟ.

“ಉಸಿರಾಡ್ಬೇಡ್ರಿ,” ಎಂದಳು ಅತ್ತೆ.

“ಅತ್ತೆ, ಆ ಪುರಸಭೆಯವರೇ ಇರ್ಬಹುದು,” ಎಂದೆ.

“ಪುರಸಭೆಯವ್ರಾದ್ರೆ ಹಿಂದಿನಿಂದ ಬರ್ತಾರೆ ಕಣೇ. ಅವ್ರಿಗೂ ತಾಯಿ ಅಂತ ಒಬ್ಳು ಇರ್ತಾಳಲ್ಲ, ಅಷ್ಟು ಹೇಳ್ಕೊಟ್ಟಿರಲ್ವಾ?”

“ಮೇವಿಸ್, ನಂಗೆ ಸೊಂಟ ಹಿಡ್ಕೊಳ್ತು,” ಎಂದ ಸೋಫಾದ ಹಿಂದಿನಿಂದ ಸೆಲ್ವಿನ್.

“ಹಿಡ್ಕೊಳ್ಲಿ. ಬಾಯ್ಮುಚ್ಕೊಂಡು ಹಿಡಿಸ್ಕೋ.”

ನೀವು ರಸ್ತೆಯ ಆಚೆ ಬದಿಯಿಂದ ಒಂದು ಫೋಟೊ ತೆಗೆದುಕೊಂಡು ಹೋದಿರಿ. ‘ಮಾಲೀಕರು ಸಹಕರಿಸಲಿಲ್ಲ’ ಎಂದು ಬರೆದಿರಿ. ಶತಮಾನಗಳ ಪರಂಪರೆಯನ್ನು ಕಾಯಲು ಸಂಬಳ ಪಡೆಯುವ ನೀವು, ನಮ್ಮ ಬೀದಿಯಲ್ಲಿ ಇನ್ನೂ ಉಸಿರಾಡುತ್ತಿರುವ ಪರಂಪರೆಯೊಂದನ್ನು ತಿಳಿಯದೆ ಅದರ ಮೇಲೆಯೇ ಬಡಿದು ಹೋದಿರಿ. ಕೇಕನ್ನು ಸೆಲ್ವಿನ್ ತಿಂದ, ಸೊಂಟಕ್ಕೆ ಒಳ್ಳೆಯದೆಂದು.

ಈಗ ಪ್ರಾಮಾಣಿಕತೆಯ ವಿಚಾರಕ್ಕೆ ಬರೋಣ. ನಾನು ಕಾಲೇಜಿನಲ್ಲಿ ವಾಸ್ತುಶಿಲ್ಪ ಓದಿದವಳಲ್ಲ. ಗ್ರಂಥಾಲಯದ ಬಾಗಿಲಲ್ಲಿ ಪುಕ್ಕಟೆ ಸಿಗುವ ಕರಪತ್ರಗಳನ್ನು ಓದಿದವಳು, ನಿಮ್ಮ ಕಚೇರಿಯದನ್ನೂ ಸೇರಿಸಿ. ಅವುಗಳಲ್ಲಿ ಒಂದಕ್ಕೊಂದು ತಾಳೆಯಾಗದ ಮಾತು ಬಹಳವಿದ್ದರೂ ಒಂದು ವಿಷಯದಲ್ಲಿ ಎಲ್ಲವೂ ಒಪ್ಪುತ್ತವೆ: ಆ ಕಾಲದವರು ಅಗ್ಗದ ಪೈನ್ ಮರವನ್ನು ಎಂದೂ ಬರಿದಾಗಿ ಬಿಡುತ್ತಿರಲಿಲ್ಲ. ಬಣ್ಣ ಬಳಿದು, ಬಣ್ಣ ಹಸಿಯಿರುವಾಗಲೇ ಅದರ ಮೇಲೆ ಉಕ್ಕಿನ ಬಾಚಣಿಗೆ ಎಳೆದು, ಓಕ್‌ನ ಎಳೆ ಮೂಡಿಸುತ್ತಿದ್ದರು. ಬರಿಯ ಪೈನ್ ಬಾಗಿಲು ಅವರ ಕಣ್ಣಿಗೆ, ಯಜಮಾನ ಒಳಚಡ್ಡಿಯಲ್ಲಿ ಬೀದಿಗೆ ಬಂದು ನಿಂತಂತೆ. ನಮ್ಮ ತಂದೆಯ ಕಾಲದಲ್ಲಿ ಜನ ಸಾಲುಸಾಲಾಗಿ ಬಾಗಿಲುಗಳನ್ನು ಕಳಚಿ ರಾಸಾಯನಿಕದ ತೊಟ್ಟಿಗೆ ಅದ್ದಿಸಿ, ಅಂಟು ಬಿಟ್ಟುಹೋದ ಮರವನ್ನು ಮನೆಗೆ ತಂದು, ‘ಆಹಾ, ಮೂಲ ರೂಪ’ ಎಂದು ಮೆಚ್ಚಿಕೊಂಡರು. ಆ ಫ್ಯಾಷನ್ ನನ್ನಪ್ಪನ ಹರೆಯದ ಕಾಲದ್ದು. ಅದನ್ನು ನೀವು ವಿಕ್ಟೋರಿಯಾ ರಾಣಿಯ ತಲೆಗೆ ಕಟ್ಟುತ್ತಿದ್ದೀರಿ.

ನಾವು ಈ ಮನೆಯನ್ನು ಆಟಕ್ಕೆ ಸರಿಪಡಿಸುತ್ತಿಲ್ಲ. ಮುಂಬಾಗಿಲ ಒಳಗಿನ ಓಣಿಗೆ ಅಂಟಿಸಿದ್ದ ಲಿನೋಲಿಯಂ ಹಾಸು ಕಿತ್ತು, ಅದರಡಿಯ ಕೆಂಪು, ಕಪ್ಪು, ಹಾಲುಬಣ್ಣದ ನೆಲಹೆಂಚುಗಳನ್ನು ಹೊರತೆಗೆದು ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದೆವು. ಒಳಚಾವಣಿಯ ನಡುವಿನ ಪ್ಲಾಸ್ಟರ್ ಹೂವಿನೊಳಗೆ ಸುಣ್ಣ ತುಂಬಿ ಅದು ಹೂಕೋಸಿನಂತಾಗಿತ್ತು. ನಾನು ಏಣಿಯ ಮೇಲೆ ನಿಂತು ಒಂದೊಂದೇ ಎಸಳನ್ನು ಬಿಡಿಸಿದೆ. ಮುಂದಿನ ಕೋಣೆಗೆ ಕಡುಹಸಿರು ಕಾಗದ ಅಂಟಿಸಿದೆವು. ಬೆಂಕಿಗೂಡಿನ ಅಮೃತಶಿಲೆ ಒರೆಸಿದಾಗ ಗೊತ್ತಾಯಿತು, ಅದು ಅಮೃತಶಿಲೆಯಂತೆ ಬಣ್ಣ ಬರೆದ ಹಾಸುಗಲ್ಲು. ಗೋಡೆಯ ಕೆಳಭಾಗದ ಚರ್ಮ, ಚರ್ಮದಂತೆ ಅಚ್ಚೊತ್ತಿದ ಕಾಗದ. ಸ್ವಾಮಿ, ನಕಲಿಯನ್ನೆಲ್ಲ ಕೆರೆಯಬೇಕೆಂದರೆ ನಮ್ಮ ಮನೆಯಲ್ಲಿ ಉಳಿಯುವುದು ಇಟ್ಟಿಗೆ ಮತ್ತು ಅತ್ತೆ. ಅತ್ತೆಯ ಹಲ್ಲನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ.

ನಿಮ್ಮ ಪುರಭವನದ ಹಜಾರದಲ್ಲಿರುವ ಕೆಂಪು ಅಮೃತಶಿಲೆಯ ಕಂಬಗಳನ್ನು ಮೊನ್ನೆ ಬೆರಳಿನಿಂದ ತಟ್ಟಿ ನೋಡಿದೆ. ಡಬ್ ಡಬ್ ಎನ್ನುತ್ತವೆ. ಪ್ಲಾಸ್ಟರ್. ಅವುಗಳನ್ನು ಕೆರೆಯುವುದು ಯಾವಾಗ?

ಈ ಬೀದಿಯ ಮನೆಗಳನ್ನು ಕಟ್ಟಿಸಿದವನು ಗಿರಣಿಯ ಧಣಿ. ಅವನ ಮನೆಗೆ ನಿಜವಾದ ಓಕ್ ಬಾಗಿಲು, ನಮ್ಮವರಿಗೆ ಪೈನ್. ಓಕ್ ಕೊಳ್ಳಲಾಗದವರು ಓಕ್ ಬರೆದುಕೊಂಡರು. ಇದಕ್ಕೆ ನೀವು ಸುಳ್ಳು ಎನ್ನುತ್ತೀರಿ, ನಾನು ಆಸೆ ಎನ್ನುತ್ತೇನೆ. ಬರಿಮರದ ಸರಳತೆಯನ್ನು ಸವಿಯಲು ಮನೆಯಲ್ಲಿ ಬೇರೆ ವೈಭವ ಸಾಕಷ್ಟಿರಬೇಕು.

ನಿಮ್ಮ ಇನ್ನೊಂದು ಆಕ್ಷೇಪ ನನಗೆ ಗೊತ್ತು: ನಮ್ಮ ಬಾಗಿಲ ಮೇಲಿನ ಎಳೆಗಳು ಆ ಕಾಲದವಲ್ಲ, ಬರೀ ಐವತ್ತೊಂದು ವರ್ಷದ ಹಿಂದಿನವು. ಹೌದು. ಅವುಗಳನ್ನು ಎಳೆದವನು ನನ್ನ ತಾತ. ಅತ್ತೆಗೆ ಆಗ ಇಪ್ಪತ್ತು, ಮದುವೆ ಗೊತ್ತಾಗಿತ್ತು. ಮಗಳು ದಾಟಿ ಹೋಗುವ ಬಾಗಿಲು ಹೊಸದಾಗಿರಲಿ ಎಂದು ತಾತ, ಹಳೆಯ ಎಳೆಗಳನ್ನೇ ನೋಡಿಕೊಂಡು, ಹಳಸಿದ ಬಿಯರಿನಲ್ಲಿ ಕಂದು ಪುಡಿ ಕಲಸಿ ಬರೆದ. ಅದು ಹಳೆಯ ಕ್ರಮ. ಬಿಯರ್ ಬಣ್ಣವನ್ನು ಹಿಡಿದಿಡುತ್ತದೆ. ಅರ್ಧ ಬಾಗಿಲಿಗೆ ಹೋಯಿತು, ಅರ್ಧ ತಾತನಿಗೆ, ಹಾಗಾಗಿ ಮೇಲಿನ ಬಲ ಹಲಗೆಯ ಎಳೆಗಳು ಸ್ವಲ್ಪ ವಾಲಿವೆ. ಮದುವೆಯ ಹಿಂದಿನ ದಿನ ಹುಡುಗ ಊರು ಬಿಟ್ಟ. ಬಾಗಿಲು ತೆರೆಯಲಿಲ್ಲ. ಆಮೇಲೆ ಅದು ತೆರೆದಿದ್ದು ತಾತನ ಪೆಟ್ಟಿಗೆಗೆ.

ಬೀಗದ ಹಿತ್ತಾಳೆ ತಗಡು ಬಿಚ್ಚಿದಾಗ ಅದರಡಿಯಲ್ಲಿ ತಾತ ಮುಟ್ಟದ ಒಂದು ತುಂಡು ಸಿಕ್ಕಿತು. ಮನೆ ಕಟ್ಟಿದಾಗಿನ ಮೊದಲ ಬಣ್ಣ. ಅದರಲ್ಲೂ ಓಕ್ ಎಳೆಯೇ. ಬಂದು ನೋಡಬಹುದು.

ಬಾಗಿಲ ಕೆಳಭಾಗ ಕೊಳೆತಿತ್ತು. ನೀವು ಬಂದು ಹೋದ ಮೇಲೆ ಬಾಗಿಲು ಕಳಚಿ ಅಲ್ಲಿಗೆ ಹೊಸ ಮರ ಕೂರಿಸಿದ್ದೇನೆ. ಬಾಚಣಿಗೆ ಇದೆ, ಬಿಯರ್ ಹಳಸಿದೆ, ನಿಮ್ಮ ಅಪ್ಪಣೆ ಮಾತ್ರ ಇಲ್ಲ. ಜಗಳವೇಕೆಂದು ಮೊನ್ನೆ ನಾನೇ ಸೋತು ಹೇಳಿದೆ: “ಅತ್ತೆ, ಹಿಂಬಾಗಿಲಿಂದ ಹೊರಟ್ರೆ ಆಗಲ್ವಾ?”

“ಹಿಂಬಾಗಿಲಿಂದ ಹೋಗೋಕೆ ನಾನೇನು ಕಸದ ಡಬ್ಬನಾ?”

“ಬಸ್ಸಲ್ಲಿ ಜನ ಹಿಂದಿನ ಬಾಗಿಲಿಂದ್ಲೂ ಇಳೀತಿದ್ರು, ಮೇವಿಸ್,” ಎಂದ ಸೆಲ್ವಿನ್, ಸಮಾಧಾನಕ್ಕೆ.

“ಹಾಗಾದ್ರೆ ಬಸ್ಸನ್ನೇ ಮದ್ವೆ ಆಗು.” ಮಲಗಿದ್ದ ಬಾಗಿಲ ವಾಲಿದ ಎಳೆಗಳ ಮೇಲೆ ಕೈಯಾಡಿಸುತ್ತ ಅಂದಳು: “ನಮ್ಮಪ್ಪ ಇದನ್ನ ಬಳಿದಿದ್ದು ನಾನು ದಾಟ್ಲಿ ಅಂತ. ಇನ್ನೂ ಬಾಕಿ ಇದೆ ಅದು.”

ಸೆಲ್ವಿನ್ ಎದ್ದು ಹೋಗಿ ಮುಂದಿನ ಮೆಟ್ಟಿಲು ತೊಳೆದು ಬಂದ. ಪ್ಲೈವುಡ್ ಹೊಡೆದ ಬಾಗಿಲ ಮುಂದಿನ ಮೆಟ್ಟಿಲು.

ಆದುದರಿಂದ ನಾನು ಒತ್ತಾಯಿಸುವುದು ಇಷ್ಟೇ. ಆದೇಶವನ್ನು ಹಿಂತೆಗೆದುಕೊಳ್ಳಿ. ತಾತ ಬರೆದ ಎಳೆಗಳನ್ನು ಕೆಳಗಿನ ಹೊಸ ಮರದವರೆಗೂ ಮುಂದುವರಿಸಲು ಬಿಡಿ. ಬಿಡದಿದ್ದರೂ ಆ ಶನಿವಾರ ಬಾಗಿಲು ಚೌಕಟ್ಟಿನಲ್ಲಿರುತ್ತದೆ, ಅತ್ತೆ ಅದನ್ನು ದಾಟುತ್ತಾಳೆ. ಆಮೇಲೆ ನೀವು ನನ್ನನ್ನು ಯಾವ ನ್ಯಾಯಾಲಯಕ್ಕೆ ಬೇಕಾದರೂ ಕರೆಯಿರಿ. ಬಂದು ಇದನ್ನೇ ಓದುತ್ತೇನೆ, ಇನ್ನೂ ಗಟ್ಟಿಯಾಗಿ.

ಈ ಪತ್ರವನ್ನು ನಮ್ಮೂರ ವಾರಪತ್ರಿಕೆಗೆ ಕಳಿಸುವ ಮುನ್ನ ಅತ್ತೆಗೆ ಓದಿ ಹೇಳಿದೆ. ಹಲ್ಲಿನ ಮಾತು ತೆಗೆಯೆಂದಳು, ನಾನು ತೆಗೆದಿಲ್ಲ. ಒಂದು ಮಾತು ಸೇರಿಸೆಂದಳು, ಅದನ್ನು ಸೇರಿಸಿದ್ದೇನೆ: ನಿಮಗೂ ಮದುವೆಗೆ ಕರೆಯಿದೆ, ಈ ಸಲ ಕೇಕ್ ಉಳಿಸಿರುತ್ತಾಳೆ. ಆದರೆ ಆ ದಿನ ಮುಂಬಾಗಿಲು ಅವಳದು. ದಯವಿಟ್ಟು ಹಿಂದಿನಿಂದ ಬನ್ನಿ.

ಇಂತಿ,
ಎಂದಿನಂತೆ ಕಸದ ಡಬ್ಬಗಳ ಪಕ್ಕದಿಂದಲೇ ಮನೆಗೆ ಹೋಗಿಬರುತ್ತಿರುವ,
ಹೆಸ್ಟರ್ ಬಟರ್‌ವರ್ತ್